ಒಳಗೆ ಮಲಗಿದ್ದ ಅಣ್ಣ

"ಎಲ್ಲಿಗೆ ಹೊರಟ್ರಿ? ಎಷ್ಟೊತ್ತಿಗೆ ಬರ್ತೀರಿ?"

ಮಹಡಿ ಮನೆಯ ಅಮ್ಮ ದಿನವೂ ಕೇಳುವ ಪ್ರಶ್ನೆ. ಗಡಿಯಾರ ರಿಪೇರಿಯವನ ಎದೆ ಮಾತ್ರ ಧಸಕ್ಕೆಂದಿತು. ಹನ್ನೆರಡು ವರ್ಷ ಪರದೇಶದಲ್ಲಿದ್ದು ಬಂದವನು ಅವನು. ಅಲ್ಲಿ ಪಕ್ಕದ ಮನೆಯವನು ಒಮ್ಮೆಯೂ ಇವನ ಹೆಸರು ಕೇಳಿರಲಿಲ್ಲ. ಹೋಗುವ, ಬರುವ ಹೊತ್ತನ್ನು ವಿಚಾರಿಸುವವರು ಕಳ್ಳರು ಮಾತ್ರ ಎಂದು ಅಲ್ಲಿನ ಪೊಲೀಸರು ಕರಪತ್ರವನ್ನೇ ಹಂಚಿದ್ದರು.

ಮನೆಯ ಮೇಜಿನ ಮೇಲೆ ಪೇಟೆಯ ದೊಡ್ಡ ಗಡಿಯಾರದ ಅಂಗಡಿಯವರ ಹಳೇ ಗೋಡೆಗಡಿಯಾರ ಬಿಚ್ಚಿಟ್ಟಿತ್ತು. ನೂರಾರು ಚಕ್ರ, ತಿರುಪುಮೊಳೆಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿದ್ದ. ನಾಳೆ ಬೆಳಿಗ್ಗೆ ಅದು ಓಡಿದರೆ ಅಂಗಡಿಯಲ್ಲಿ ಕೆಲಸ ಖಾಯಂ. ಒಂದು ಸ್ಪ್ರಿಂಗ್ ತರಬೇಕಿತ್ತು, ಅಷ್ಟೆ.

"ಎಲ್ಲಿಗೂ ಇಲ್ಲಮ್ಮ, ಎದೆ ಸ್ವಲ್ಪ ಹಿಡಿದಂಗಿದೆ, ಮಲಗ್ತೀನಿ" ಎಂದು ಮುಂಬಾಗಿಲ ಚಿಲಕ ಹಾಕಿ, ಬೆಕ್ಕಿನಂತೆ ಹಿತ್ತಿಲ ಬಾಗಿಲಿನಿಂದ ಹೊರಬಿದ್ದು ಬೀಗ ಜಡಿದ.

ಹಿಂದಿನ ಓಣಿಯಲ್ಲಿ ಟೈಲರ್ ಸಿಕ್ಕ. "ಏನ್ ಸಾರ್, ಈ ಕಡೆಯಿಂದ? ಮನೇಲಿ ಯಾರಿದಾರೆ?"

ಇವನೂ ಅವರ ಗುಂಪಿನವನೇ!

"ಅಣ್ಣ ಬಂದಿದಾನೆ. ಒಳಗೆ ಮಲಗಿದಾನೆ. ಆಳು ಗಟ್ಟಿಮುಟ್ಟು" ಎಂದು ಒತ್ತಿ ಹೇಳಿ ಸರಸರ ನಡೆದ.

ಮೂರು ಅಂಗಡಿ ಸುತ್ತಿ, ಸ್ಪ್ರಿಂಗ್ ಹಿಡಿದು ಬಂದಾಗ ಮಧ್ಯಾಹ್ನ ಮೂರು ಗಂಟೆ. ಮುಂಬಾಗಿಲು ಚೌಕಟ್ಟು ಬಿಟ್ಟು ನಡುಮನೆಯಲ್ಲಿ ಅಂಗಾತ ಬಿದ್ದಿತ್ತು. ಅದರ ಪಕ್ಕದಲ್ಲಿ ಎದುರುಮನೆಯ ಮೇಷ್ಟ್ರು ಭುಜ ನೀವಿಕೊಳ್ಳುತ್ತ ಕುಳಿತಿದ್ದರು. ಅವರ ಹಿಂದೆ ಅಮ್ಮ, ಟೈಲರ್ ನಿಂತಿದ್ದರು.

"ಗಂಜಿ ತಂದು ಎಷ್ಟು ಬಡಿದ್ರೂ ನೀವು ಬಾಗಿಲು ತೆಗೀಲಿಲ್ಲ" ಎಂದರು ಅಮ್ಮ. "ನೀವು ಹೊರಗೆ ಹೋಗಿದೀರಿ, ಒಳಗಿರೋದು ಅಣ್ಣ ಅಂತ ಟೈಲರ್ ಹೇಳಿದ. ಅಯ್ಯೋ, ಎದೆನೋವು ಅಣ್ಣನಿಗೇ, ನೀವು ಡಾಕ್ಟರನ್ನ ಕರೆಯೋಕೆ ಓಡಿದೀರಿ ಅಂದ್ಕೊಂಡ್ವಿ. ಪಾಪ, ಮೇಷ್ಟ್ರು ಎಪ್ಪತ್ತರ ವಯಸ್ಸಲ್ಲಿ ಭುಜ ಕೊಟ್ಟು ಬಾಗಿಲು ಮುರಿದ್ರು."

ಅವನ ಕಣ್ಣು ಮೇಜಿನತ್ತ ಹೊರಳಿತು. ಮೇಜು ಕನ್ನಡಿಯಂತೆ ಹೊಳೆಯುತ್ತಿತ್ತು.

"ಡಾಕ್ಟರ್ ಬಂದ್ರೆ ಚೀಲ ಇಡೋಕೆ ಜಾಗ ಬೇಕಲ್ಲ" ಅಮ್ಮ ಮೆಲ್ಲಗೆ ಅವನ ಬೆನ್ನು ಸವರಿದರು. "ಚೂರುಪಾರೆಲ್ಲ ಒಂದೇ ಡಬ್ಬಕ್ಕೆ ಸುರಿದಿದೀನಿ. ಒಂದೂ ಕಳೆದಿಲ್ಲ, ಅಲ್ಲಾಡಿಸಿ ನೋಡಿ."

ಅವನು ಅಲ್ಲಾಡಿಸಲಿಲ್ಲ. ಕುರ್ಚಿಯಲ್ಲಿ ಕುಸಿದ. ರಾತ್ರಿಯಿಡೀ ಒಬ್ಬನೇ ಕೂತು ತಡಕಿದರೆ, ಅದೃಷ್ಟವಿದ್ದರೆ ಜೋಡಿಸಬಹುದೇನೋ.

"ದಯವಿಟ್ಟು ಎಲ್ಲರೂ ಹೊರಡಿ. ನನಗೆ ಕೆಲಸ ಇದೆ."

"ಹೊರಡ್ತೀವಿ. ಅಣ್ಣ ಎಲ್ಲಿ? ಮಂಚದ ಕೆಳಗೂ ನೋಡಿದ್ವಿ" ಎಂದ ಟೈಲರ್.

"ನನಗೆ ಅಣ್ಣನೇ ಇಲ್ಲ!"

ಮೂವರೂ ಮುಖ ಮುಖ ನೋಡಿಕೊಂಡರು. ಅಮ್ಮನ ಕಣ್ಣು ತುಂಬಿತು.

"ಛೆ, ಒಡಹುಟ್ಟಿದವನ ಮೇಲೆ ಅಂಥ ಮಾತಾಡಬಾರದಪ್ಪ" ಎಂದರು ಮೇಷ್ಟ್ರು. "ಜಗಳ ಆಗಿ ಎದ್ದು ಹೋದ್ರೋ?"

"ಅಯ್ಯೋ ಮೇಷ್ಟ್ರೇ, ನಾನು ಹೇಳಿದ್ದೆಲ್ಲ ಸುಳ್ಳು..."

"ಸಿಟ್ಟಲ್ಲಿ ಎಲ್ಲರೂ ಹೀಗೇ ಅನ್ನೋದು."

ಮೇಷ್ಟ್ರು ಇನ್ನೊಂದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು. ಟೈಲರ್ ಚಾಪೆ ಬಿಚ್ಚಿದ. ಅಮ್ಮ ಗಂಜಿ ಬಿಸಿಮಾಡಲು ಅಡುಗೆಮನೆಗೆ ನಡೆದರು.

"ಈ ಸ್ಥಿತೀಲಿ ನಿಮ್ಮನ್ನ ಒಬ್ಬರನ್ನೇ ಬಿಟ್ಟು ಹೋಗ್ತೀವಾ?" ಎಂದರು ಮೇಷ್ಟ್ರು. "ಅಣ್ಣ ವಾಪಸ್ ಬರೋವರೆಗೂ ನಾವು ಇಲ್ಲಿಂದ ಕದಲಲ್ಲ."