ಮಾವನ ದ್ರಾಕ್ಷಿ ಪಡಕ್ಕೆ ನನ್ನ ವಾಯುದಳ

"ಈ ಸಲ ನಿಮ್ಮಪ್ಪನ ಬಾಯಾಗಿಂದ ‘ಅಳಿಯಾ’ ಅನ್ನಿಸ್ಲಿಲ್ಲಂದ್ರ ನನ್ನ ಹೆಸರು ಸುಧೀರನ ಅಲ್ಲ."

2009ರ ಜನವರಿಯ ಒಂದು ಮುಂಜಾನೆ, ಚಿಕ್ಕೋಡಿಯ ನಮ್ಮ ಬಾಡಿಗೆ ಮನೆಯಲ್ಲಿ, ಲುಂಗಿ ಎತ್ತಿ ಕಟ್ಟಿಕೊಂಡು ನಾನು ಮಾಡಿದ ಪ್ರತಿಜ್ಞೆ ಇದು. ಇಂಥದ್ದು ಪುರಾಣದಲ್ಲಿ ನಡೆದಿದ್ದರೆ ಮೇಲಿನಿಂದ ಹೂಮಳೆ ಸುರಿಯುತ್ತಿತ್ತು. ನನ್ನ ಹೆಂಡತಿ ನೀಲಮ ರೊಟ್ಟಿ ಬಡಿಯುವುದನ್ನೂ ನಿಲ್ಲಿಸಲಿಲ್ಲ.

"ಹಂಗಾರ ಈಗ್ಲೇ ಒಂದ ಹೊಸಾ ಹೆಸರು ಹುಡಕಿ ಇಟಗೋರಿ" ಎಂದಳು.

ನನ್ನ ನೋವು ಏನೆಂದು ಮೊದಲು ಹೇಳಬೇಕು. ಮಾವ ರಾವಸಾಹೇಬರು ಅಥಣಿ ತಾಲೂಕಿನ ಅನಂತಪುರದಲ್ಲಿ ದ್ರಾಕ್ಷಿ ಬೆಳೆಯುವವರು. ಅವರಿಗೆ ಇಬ್ಬರು ಅಳಿಯಂದಿರು. ಹಿರಿಯವನು ವಿಶಾಲ, ಉಗಾರ ಬುದ್ರುಕದವನು, ಹೊಳೆದಂಡೆಯ ಕಬ್ಬಿನ ಒಡೆಯ. ಅವನು ಬಂದರೆ ಮಾವ ಎದ್ದು ಹೋಗಿ ಹೆಗಲ ಮೇಲೆ ಕೈ ಹಾಕುತ್ತಿದ್ದರು. "ಬಾ ಅಳಿಯಾ, ಪಡಾ ನೋಡಿ ಬರೂಣು ನಡಿ" ಎಂದು ದ್ರಾಕ್ಷಿ ತೋಟದೊಳಗೆ ಕರೆದುಕೊಂಡು ಹೋಗುತ್ತಿದ್ದರು. ಕಿರಿಯವನು ನಾನು. ಸರಕಾರಿ ಕಚೇರಿಯ ಗುಮಾಸ್ತ. ನನ್ನ ಹೆಸರಿನಲ್ಲಿ ಇದ್ದ ಮಣ್ಣೆಂದರೆ ತುಳಸಿ ಕುಂಡದೊಳಗಿನದು ಮಾತ್ರ.

ನಾನು ಹೋದರೆ ಮಾವ ಕೈ ಮುಗಿದು, "ಬರ್ರಿ ಸಾಹೇಬ್ರ, ಖುರ್ಚಿ ತಗೋರಿ" ಎನ್ನುತ್ತಿದ್ದರು. ಒಂದು ಕೆಂಪು ಪ್ಲಾಸ್ಟಿಕ್ ಖುರ್ಚಿ ಬರುತ್ತಿತ್ತು. ಅದರ ಮೇಲೆ ನಾನು, ನನ್ನ ಮುಂದೆ ಚಹಾ, ಪಕ್ಕದಲ್ಲಿ ನಿನ್ನೆಯ ಪೇಪರು. ಅವರಿಬ್ಬರೂ ಪಡದೊಳಗೆ ನಗುತ್ತಾ ಮಾತಾಡುವುದು ಕಿವಿಗೆ ಬೀಳುತ್ತಿತ್ತು. ಮರ್ಯಾದೆಗೇನೂ ಕೊರತೆ ಇರಲಿಲ್ಲ. ಆದರೆ ಆ ಮರ್ಯಾದೆ ಸಂಬಂಧವಿಲ್ಲದವರಿಗೆ ಕೊಡುವಂಥದು. ಆ ಮನೆಯಲ್ಲಿ ನನ್ನ ಪಾಲಿಗೆ ಬಂದ ಆಸ್ತಿ ಆ ಕೆಂಪು ಖುರ್ಚಿ ಒಂದೇ ಎಂದು ಎಷ್ಟೋ ಸಲ ಮನಸ್ಸಿಗೆ ಹಳಹಳಿಯಾಗಿದೆ.

ಆ ಚಳಿಗಾಲ ಅವಕಾಶ ತಾನಾಗಿ ಬಂತು. ದ್ರಾಕ್ಷಿಯಲ್ಲಿ ಸಿಹಿ ಇಳಿಯುವ ಹೊತ್ತಿಗೆ ಹಕ್ಕಿಗಳ ದಂಡು ಇಳಿಯುತ್ತದೆ. ಗೊರವಂಕ, ಗಿಳಿ, ಗುಬ್ಬಿ, ಎಲ್ಲವೂ. ಅತ್ತೆ ತುಳಸವ್ವ ಎಣ್ಣೆಯ ಖಾಲಿ ಡಬ್ಬಿ ಬಡಿದು, ಒದರಿ ಒದರಿ, ಗಂಟಲು ಕೂತು ಫೋನಿನಲ್ಲಿ ಮಾತನಾಡಿದರೆ ಗಂಡಸೋ ಹೆಂಗಸೋ ತಿಳಿಯದಂತಾಗಿತ್ತು. ಅದೇ ಸುಮಾರಿಗೆ ನಾನು ಪುಣೆಯ ಗೆಳೆಯನ ಹತ್ತಿರ ರಿಮೋಟಿನಿಂದ ಹಾರಿಸುವ ಆಟಿಕೆ ವಿಮಾನ ನೋಡಿದೆ. ಥರ್ಮೊಕೋಲಿನಂಥ ಹಗುರ ಮೈ, ಮೂಗಿನಲ್ಲಿ ಪಂಖಾ, ತೋಳಷ್ಟು ಉದ್ದದ ರೆಕ್ಕೆಗಳು, ಭರ್ರೆಂಬ ಸದ್ದು. ಇದು ಪಡದ ಮೇಲೆ ಎರಡು ಸುತ್ತು ಹಾಕಿದರೆ ಹಕ್ಕಿಗಳು ಮಹಾರಾಷ್ಟ್ರದ ಗಡಿ ದಾಟುತ್ತವೆ ಎಂದು ನನಗೆ ಅನ್ನಿಸಿತು. ತಂದೇಬಿಟ್ಟೆ.

ತಂದು ಸುಮ್ಮನೆ ಹಾರಿಸುವ ಆಸಾಮಿ ನಾನಲ್ಲ. ವಿಧಿಪೂರ್ವಕ ಅಭ್ಯಾಸ ಮಾಡಿದೆ. ಮೊದಲು ಕೈಯಲ್ಲಿನ ರಿಮೋಟ್ ಚಾಲೂ, ಆಮೇಲೆ ವಿಮಾನದ ಬ್ಯಾಟರಿ. ಇಳಿದ ಮೇಲೆ ಮೊದಲು ವಿಮಾನ ಬಂದ್, ಆಮೇಲೆ ರಿಮೋಟ್. ಇದನ್ನು ಸ್ನಾನದ ಮನೆಯಲ್ಲೂ ಜಪಿಸಿದೆ. ಜನರ ತಲೆಯ ಮೇಲೆ ಹಾರಿಸಬಾರದು, ಕರೆಂಟಿನ ತಂತಿಯ ಕಡೆ ಸುಳಿಯಬಾರದು. ಎಲ್ಲಕ್ಕಿಂತ ಮುಖ್ಯ, ತೂಕ. ರೆಕ್ಕೆಗಳ ಕೆಳಗೆ ಎರಡು ಬೆರಳಿಟ್ಟು ಎತ್ತಿದರೆ ವಿಮಾನ ಸಮನಾಗಿ ನಿಲ್ಲಬೇಕು. ಬಾಲ ಭಾರವಾಯಿತೋ, ಮೂಗು ಆಕಾಶಕ್ಕೆತ್ತಿ, ಉಸಿರುಗಟ್ಟಿ ಬೀಳುವುದು ಖಂಡಿತ.

ಊರಾಚೆಯ ಬಯಲಿನಲ್ಲಿ ಕೆಲವು ರವಿವಾರ ಹಾರಿಸಿದೆವು. ಕೈಯಿಂದ ಎಸೆದು ಹಾರಿಬಿಡುವ ಹುದ್ದೆ ನೀಲಮಳದು. ಒಮ್ಮೆ ಎಸೆಯುವ ಕ್ಷಣದಲ್ಲೇ ಅವಳು, "ರೀ, ಸಂಜೀಕ ಏನ ಪಲ್ಯಾ ಮಾಡ್ಲಿ?" ಎಂದು ಕೇಳಿದಳು. ನಾನು ಬದನೆಕಾಯಿಯೋ ಹೆಸರುಕಾಳೋ ಎಂದು ಯೋಚಿಸುವಷ್ಟರಲ್ಲಿ ವಿಮಾನ ಜಾಲಿ ಗಿಡದಲ್ಲಿತ್ತು. ಅಂದೇ ಹೊಸ ಕಾಯ್ದೆ ಹೊರಡಿಸಿದೆ.

"ಇನ್ನ ಮ್ಯಾಲ ವಿಮಾನ ಕೈಯಾಗ ಹಿಡದಾಗ ಒಂದ ಮಾತೂ ಆಡಬಾರ್ದು. ‘ಒಗಿ’ ಅಂದ್ರ ಒಗೀಬೇಕು, ಅಷ್ಟ."

"ಏನ ಕಂಡ್ರೂ ಹೇಳಬಾರ್ದ?"

"ಏನ ಕಂಡ್ರೂ ಹೇಳಬಾರ್ದು."

ಆ ರವಿವಾರ ಬೈಕಿನಲ್ಲಿ ಅನಂತಪುರಕ್ಕೆ ಹೊರಟೆವು. ನೀಲಮ ಹಿಂದೆ ಕುಳಿತು ರೆಕ್ಕೆಯನ್ನು ಅಡ್ಡ ಹಿಡಿದರೆ ಬೈಕೇ ಮೇಲಕ್ಕೆದ್ದಂತಾಗುತ್ತಿತ್ತು, ಉದ್ದ ಹಿಡಿದರೆ ನನ್ನ ಕಿವಿಗೆ ಬಡಿಯುತ್ತಿತ್ತು. ದಾರಿಯಲ್ಲಿ ಚಹಾಕ್ಕೆ ನಿಂತಾಗ ಒಬ್ಬರು, "ಗಣಪತಿ ಕೂಡ್ರಸೂ ಮಖರ ಏನ್ರಿ? ಹಬ್ಬಕ್ಕ ಇನ್ನ ಭಾಳ ದಿನಾ ಐತೆಲ್ಲಾ" ಎಂದರು. ನಾನು ನಕ್ಕೆ. ಇತಿಹಾಸ ಬರೆಯಲು ಹೊರಟವರು ಇಂಥದಕ್ಕೆಲ್ಲ ಉತ್ತರ ಕೊಡುವುದಿಲ್ಲ.

ಅತ್ತೆಯ ಮನೆಯಲ್ಲಿ ಸ್ವಾಗತ ಜೋರಾಗಿತ್ತು. ವಿಶಾಲನೂ ಬಂದಿದ್ದ. ಪಕ್ಕದ ಹೊಲದ ಬಾಳಾಸಾಬ ಕೆಲಸ ಬಿಟ್ಟು ಬಂದು ಬೇವಿನ ಗಿಡದ ಕೆಳಗೆ ಕೂತಿದ್ದ. ನಾನು ಎಲ್ಲರೆದುರು ಬೆರಳುಗಳ ಮೇಲೆ ವಿಮಾನವನ್ನು ನಿಲ್ಲಿಸಿ ತೂಕ ತೋರಿಸಿದೆ. ಅದು ತಕ್ಕಡಿಯ ಮುಳ್ಳಿನಂತೆ ನೆಟ್ಟಗೆ ನಿಂತಿತು. ಇನ್ನೇನು ಹೊರಡಬೇಕು, ಅತ್ತೆ ಆರತಿ ತಟ್ಟೆ ಹಿಡಿದು ಬಂದರು.

"ಮನೀಗಿ ಹೊಸಾ ಗಾಡಿ ಬಂದೈತಿ. ಪೂಜಾ ಮಾಡ್ಲಾರದ ಹೊರಗ ತಗೀತಾರೇನ್ರಿ?"

ಟ್ರ್ಯಾಕ್ಟರಿಗೆ ಆಗಿದೆ, ಪಂಪಿಗೆ ಆಗಿದೆ, ಔಷಧ ಹೊಡೆಯುವ ಯಂತ್ರಕ್ಕೂ ಆಗಿದೆ. ವಿಮಾನ ಏನು ಪಾಪ ಮಾಡಿತ್ತು? ಅರಿಷಿಣ ಕುಂಕುಮ ಏರಿತು. ಕಾಯಿ ಒಡೆದರು. ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟರು. ಗಾಲಿಗಿಂತ ಲಿಂಬೆಹಣ್ಣೇ ದೊಡ್ಡದು! ನಾನು ದೂಡಿದರೆ ವಿಮಾನ ಹಿಂದೆ ಸರಿಯಿತೇ ಹೊರತು ಹಣ್ಣಿಗೆ ಏನೂ ಆಗಲಿಲ್ಲ. ಕೊನೆಗೆ ಮಾವನೇ ವಿಮಾನದ ಪರವಾಗಿ ಹಿಮ್ಮಡಿಯಿಂದ ಅದನ್ನು ತುಳಿದರು. ಅಷ್ಟರಲ್ಲಿ ಅತ್ತೆ ಕರಿದಾರ ಹಿಡಿದು ಮೂಗಿನ ಕಡೆ ಬಂದದ್ದು ಕಂಡಿತು.

"ಅತ್ತಿಯಾರ, ಮುಂದ ಪಂಖಾ ತಿರಗತೈತ್ರಿ. ಮುಂದ ಏನೂ ಕಟ್ಟಬ್ಯಾಡ್ರಿ" ಎಂದು ಕಟ್ಟುನಿಟ್ಟಾಗಿ ಹೇಳಿದೆ.

"ಆತ ಬಿಡ್ರಿ, ಮುಂದ ಕಟ್ಟಂಗಿಲ್ಲ" ಎಂದರು ಆ ಸಾಧ್ವಿ. ನಾನು ರಿಮೋಟ್ ತರಲು ಒಳಗೆ ಹೋದೆ.

ಪಡದ ಪಕ್ಕದ ಖಾಲಿ ಹೊಲದಲ್ಲಿ ನಿಂತು ಚಿಟಿಕೆ ಮಣ್ಣು ತೂರಿ ಗಾಳಿ ಎತ್ತ ಬೀಸುತ್ತದೆಂದು ನೋಡಿದೆ. ರಿಮೋಟಿನ ಉದ್ದನೆಯ ಏರಿಯಲ್ ಎಳೆದೆ. ಎಲ್ಲರನ್ನೂ ನನ್ನ ಹಿಂದೆ ಕಳಿಸಿದೆ. ಮಾವ ಮಾತ್ರ ಕದಲಲಿಲ್ಲ.

"ನಮ್ಮ ಹೊಲದಾಗ ನಾವ ಹಿಂದ ನಿಂದರ್ಬೇಕೇನ್ರಿ ಸಾಹೇಬ್ರ?"

"ಇದು ಸುರಕ್ಷತಾ ವಿಚಾರ ಐತ್ರಿ ಮಾವಾರ. ಖುರ್ಚಿ ತಗೋರಿ" ಎಂದೆ.

ಆ ಕೆಂಪು ಖುರ್ಚಿಯ ಮೇಲೆ ಅವರು ಕೂತದ್ದನ್ನು ನೋಡಿ ನನಗಾದ ಸುಖವನ್ನು ಏನೆಂದು ಹೇಳಲಿ? ಆ ಸುಖದಲ್ಲಿ ವಿಮಾನದ ಕಡೆ ಇನ್ನೊಮ್ಮೆ ನೋಡುವುದನ್ನೇ ಮರೆತೆ. ನೀಲಮ ವಿಮಾನ ಎತ್ತಿ ಹಿಡಿದು, ಕಣ್ಣು ಅರಳಿಸಿ, ಹುಬ್ಬು ಹಾರಿಸಿ ಏನೋ ಸನ್ನೆ ಮಾಡಿದಳು. ಗಂಡನ ಮೇಲಿನ ಅಭಿಮಾನ ಎಂದುಕೊಂಡೆ.

"ಒಗಿ!"

ಒಗೆದಳು. ವಿಮಾನ ಮೂಗೆತ್ತಿ ಸೀದಾ ಮೇಲೇರಿತು. ಬಾಳಾಸಾಬ ಮರಾಠಿಯಲ್ಲಿ, "ಲೈ ಭಾರಿ" ಎಂದು ಮೆಚ್ಚಿದ. ಇಳಿಸಲು ರಿಮೋಟಿನ ಕಡ್ಡಿ ಒತ್ತಿದೆ. ಅದು ಇನ್ನೂ ಮೂಗೆತ್ತಿತು. ಆಕಾಶದಲ್ಲಿ ಒಂದು ಗಳಿಗೆ ನಿಂತು, ಎಡಕ್ಕೆ ವಾಲಿ, ಪಡದ ಕಡೆ ತಿರುಗಿತು. ಪಡದ ಚಪ್ಪರದ ತಂತಿಯ ಮೇಲೆ ಸಾಲಾಗಿ ಕೂತಿದ್ದ ಗೊರವಂಕಗಳು ಕತ್ತು ಹೊರಳಿಸಿ ಅದು ಹೋಗುವುದನ್ನು ನೋಡಿದವು. ಒಂದೂ ಏಳಲಿಲ್ಲ.

ನಾನು ಎದ್ದೆನೋ ಬಿದ್ದೆನೋ ಎಂದು ಅದರ ಹಿಂದೆ ಓಡಿದೆ. ಚಪ್ಪಲಿ ಒಂದು ಕಡೆ, ನಾನು ಒಂದು ಕಡೆ. ಏರಿಯಲ್ ಬೀಸುತ್ತಾ, "ಹೋತಲೇ! ಹೋತಲೇ! ಹೊಯ್ಯೋ!" ಎಂದು ಹೊಟ್ಟೆಯಾಳದಿಂದ ಒದರಿದೆ. ಕಚೇರಿಯಲ್ಲಿ ಸಾಹೇಬರ ಮುಂದೆ ಇಷ್ಟು ವರ್ಷ ನುಂಗಿಕೊಂಡ ದನಿಯೆಲ್ಲ ಅಂದು ಹೊರಬಿತ್ತು. ವಿಮಾನ ಪಡ ದಾಟಿ, ಬಾಳಾಸಾಬನ ಆಳೆತ್ತರ ಮೀರಿದ ಕಬ್ಬಿನಲ್ಲಿ ಸರ್ರೆಂದು ಇಳಿದು ಕಾಣೆಯಾಯಿತು. ಪಂಖದ ಸದ್ದೂ ನಿಂತಿತು.

ಹಿಂದಿರುಗಿ ಬಂದಾಗ ಮೊದಲು ಬಾಯಿ ಬಿಟ್ಟವಳು ನೀಲಮ.

"ಬಾಲಕ್ಕ ಕಟ್ಟಿದ್ದ ಲಿಂಬಿಕಾಯಿ, ಮೆಣಸಿನಕಾಯಿ ಸೈತ ಹೋತೇನ್ರಿ?"

"ಯಾವ ಲಿಂಬಿಕಾಯಿ?"

ಅತ್ತೆ ಸೆರಗು ಸರಿಪಡಿಸಿಕೊಂಡರು. "ನೀವ ಮುಂದ ಕಟ್ಟಬ್ಯಾಡ್ರಿ ಅಂದ್ರಿ. ಅದಕ್ಕ ಹಿಂದ ಕಟ್ಟಿದ್ನಿರಿ. ದೃಷ್ಟಿ ಆಗಬಾರ್ದಂತ."

ನಾನು ಹೆಂಡತಿಯ ಕಡೆ ತಿರುಗಿದೆ. "ನೀ ನೋಡಿದ್ದಿ ಅಲ್ಲಾ? ಹೇಳಾಕ ಏನಾಗಿತ್ತ?"

"ಏನ ಕಂಡ್ರೂ ಹೇಳಬಾರ್ದು ಅಂತ ಹೇಳಿದಾವ್ರ ಯಾರು?"

ನನಗೆ ಅಳು ಬರುವಂತಾಯಿತು. ವಿಮಾನ ಹೋದದ್ದಕ್ಕಲ್ಲ. ಇನ್ನು ಜನ್ಮವಿಡೀ ನಾನು ಸಾಹೇಬನೇ, ಆ ಖುರ್ಚಿಯೇ ಗತಿ ಎಂಬುದು ಖಾತ್ರಿಯಾಗಿತ್ತು. ಮಾವ ಖುರ್ಚಿಯಿಂದ ಎದ್ದಿದ್ದರು. ಕಬ್ಬಿನ ಕಡೆ ಅವರ ಗಮನವೇ ಇರಲಿಲ್ಲ. ಪಡವನ್ನೂ, ಈಗ ಒಂದೂ ಗೊರವಂಕ ಇಲ್ಲದ ಮೇಲಿನ ತಂತಿಯನ್ನೂ ನೋಡುತ್ತಿದ್ದರು.

"ಆಗ ಒದರಿದ್ದ ಯಾರು?" ಎಂದರು.

"ನಾನ್ರಿ" ಎಂದೆ ಸಣ್ಣ ದನಿಯಲ್ಲಿ.

"ಮತ್ತೊಮ್ಮಿ ಒದರ್ರಿ ನೋಡೂಣು."

ಶಿಕ್ಷೆ ಎಂದುಕೊಂಡು ಒದರಿದೆ. ಬೇವಿನ ಗಿಡದಲ್ಲಿ ಉಳಿದಿದ್ದ ಗಿಳಿಗಳೂ ಚೀರುತ್ತಾ ಎದ್ದು ಊರ ಕಡೆ ಹೋದವು. ಪಡದಲ್ಲಿ ಒಂದು ರೆಕ್ಕೆಯ ಸದ್ದೂ ಇರಲಿಲ್ಲ. ಮಾವ ಹೋಗಿ ಅತ್ತೆಯ ಎಣ್ಣೆ ಡಬ್ಬಿ ಮತ್ತು ಕೋಲು ತಂದು ನನ್ನ ಕೈಗೆ ಕೊಟ್ಟರು. ಹೆಗಲ ಮೇಲೆ ಕೈ ಹಾಕಿದರು.

"ವಿಮಾನ ಬಿಡು ಅಳಿಯಾ. ಬರೂ ರವಿವಾರ ಲಗೂನ ನೀನ ಬಾ."

ಹೋದೆ. ಆ ರವಿವಾರವೂ ಹೋದೆ, ಮುಂದಿನ ವರ್ಷಗಳ ದ್ರಾಕ್ಷಿ ದಿನಗಳಲ್ಲೂ ಹೋದೆ. ಬಾಳಾಸಾಬನ ಕಬ್ಬು ಕಡಿಯುವಾಗ ವಿಮಾನ ಸಿಕ್ಕಿತು. ಒಂದು ರೆಕ್ಕೆ ಇರಲಿಲ್ಲ. ಬಾಲದಲ್ಲಿ ಒಣಗಿ ಕಪ್ಪಾದ ಲಿಂಬೆಹಣ್ಣು ಹಾಗೇ ಇತ್ತು. "ನೋಡ್ರಿ, ಅದನ್ನ ಕಟ್ಟಿದ್ದಕ್ಕ ಇಷ್ಟರ ಉಳದೈತಿ" ಎಂದರು ಅತ್ತೆ. ಮಾವ ಅದನ್ನು ಬೆದರುಬೊಂಬೆಯ ಹಾಗೆ ಪಡದ ನಡುವೆ ಕಂಬಕ್ಕೆ ಕಟ್ಟಿದರು. ಉಳಿದ ರೆಕ್ಕೆಯ ಮೇಲೆ ಗೊರವಂಕಗಳು ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದವು, ನಾನು ಕೆಳಗೆ ನಿಂತು ಡಬ್ಬಿ ಬಡಿಯುತ್ತಿದ್ದೆ. ಮುಂಜಾನೆಯ ಆ ಚಳಿ, ಅತ್ತೆ ಪಡಕ್ಕೇ ತಂದುಕೊಡುತ್ತಿದ್ದ ಬಿಸಿ ಚಹಾ, ಸಾಲಿನ ಆ ಕಡೆಯಿಂದ ಮಾವ "ಅಳಿಯಾ, ಇತ್ಲಾಗ ಬಂದಾವ ನೋಡ" ಎಂದು ಕೂಗುವುದು, ಇವೆಲ್ಲ ಈಗಲೂ ನೆನಪಾಗುತ್ತವೆ. ಈಗ ಪಡದ ಮೇಲೆ ಬಲೆ ಹಾಸಿದ್ದಾರೆ. ಒದರುವವರು ಬೇಕಿಲ್ಲ. ಮಾವನೂ ಇಲ್ಲ.

ಅವರು ಹೋಗುವ ಹಿಂದಿನ ವರ್ಷ ನಮ್ಮ ಮನೆತನದ ಮದುವೆಯೊಂದರಲ್ಲಿ ಯಾರೋ ದೊಡ್ಡ ಮನುಷ್ಯರು ಅಳಿಯಂದಿರ ಬಗ್ಗೆ ಕೇಳಿದರು. ಆಗಷ್ಟೇ ನನಗೆ ಬಡ್ತಿ ಸಿಕ್ಕಿತ್ತು. ಇಸ್ತ್ರಿ ಮಾಡಿದ ಅಂಗಿಯ ಕಾಲರ್ ಸರಿಮಾಡಿಕೊಂಡು, ಎದೆಯುಬ್ಬಿಸಿ ಮಾವನ ಪಕ್ಕ ನಿಂತೆ.

"ದೊಡ್ಡ ಅಳಿಯಾ ಉಗಾರದಾಗ ಕಬ್ಬ ಬೆಳೀತಾನ್ರಿ" ಎಂದ ಮಾವ, ನನ್ನ ಹೆಗಲ ಮೇಲೆ ಅಭಿಮಾನದಿಂದ ಕೈ ಹಾಕಿದರು. "ಈಂವ ಸಣ್ಣಾಂವ. ನಮ್ಮಲ್ಲಿ ಹಕ್ಕಿ ಕಾಯತಾನ."