ಕೀಬೋರ್ಡಿನೊಳಗಿನ ಪೇಟಿ

ಕೆಲವರಿಗೆ ಹಾವೆಂದರೆ ಭಯ, ಕೆಲವರಿಗೆ ಸೂಜಿಯೆಂದರೆ ಭಯ. ನನಗೆ ಯಾರಾದರೂ "ನಿಮಗೆ ಯಾವುದು ಬೇಕು?" ಎಂದು ಕೇಳಿದರೆ ಭಯ. ಹೋಟೆಲಿನವನು ಮಂಡಕ್ಕಿಯ ಸುಸಲಾನೋ ಉಪ್ಪಿಟ್ಟೋ ಎಂದು ಕೇಳಿದರೂ ಎದೆ ಹೊಡೆದುಕೊಳ್ಳುತ್ತದೆ. ಉಪ್ಪಿಟ್ಟು ಎಂದು ಹೇಳಿದ ಮರುಕ್ಷಣವೇ ಪಕ್ಕದ ಮೇಜಿನ ಸುಸಲಾ ನನ್ನನ್ನು ನೋಡಿ ನಗುತ್ತಿರುವಂತೆ ಅನಿಸಿ, ತಟ್ಟೆಯಲ್ಲಿರುವ ಉಪ್ಪಿಟ್ಟೂ ಗಂಟಲಲ್ಲಿ ಇಳಿಯುವುದಿಲ್ಲ. ಇಂಥ ಸ್ವಭಾವದವನು ಏನು ಬೇಕಾದರೂ ಆಗಬಹುದು, ಕೀಬೋರ್ಡ್ ನುಡಿಸುವವನು ಮಾತ್ರ ಆಗಬಾರದು. ನಾನು ಅದೇ ಆಗಿದ್ದೇನೆ. ಹಗಲು ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಮಾರುತ್ತೇನೆ, ಸಂಜೆ ನಮ್ಮ ಹಾಡಿನ ತಂಡದಲ್ಲಿ ವರ್ಕ್‌ಸ್ಟೇಷನ್ ನುಡಿಸುತ್ತೇನೆ.

ವರ್ಕ್‌ಸ್ಟೇಷನ್ ಎಂದರೆ ಇಡೀ ವಾದ್ಯಮೇಳವನ್ನು ಒಂದೇ ಪೆಟ್ಟಿಗೆಗೆ ತುರುಕಿದ ಯಂತ್ರ. ಅದರ ಹೊಟ್ಟೆಯಲ್ಲಿ ನಾದ ಹುಟ್ಟಿಸುವ ಬೇರೆ ಬೇರೆ ಎಂಜಿನುಗಳಿರುತ್ತವೆ. ನಿಜವಾದ ವಾದ್ಯದ ದನಿಯನ್ನು ಮೊದಲೇ ಹಿಡಿದಿಟ್ಟುಕೊಂಡು, ಕೀ ಒತ್ತಿದಾಗ ಹಾಗೇ ಒಪ್ಪಿಸುವುದು ಸ್ಯಾಂಪ್ಲಿಂಗ್. ಒಂದು ನಾದದ ಅಲೆಯಿಂದ ಇನ್ನೊಂದನ್ನು ಅಲುಗಾಡಿಸಿ ಗಂಟೆ, ಗೆಜ್ಜೆ, ಎಲೆಕ್ಟ್ರಿಕ್ ಪಿಯಾನೊ ಹೊರಡಿಸುವುದು ಎಫ್‌ಎಂ. ಹಳೆಯ ಸಿಂಥಸೈಜರ್ ಕೀಬೋರ್ಡುಗಳ ದಪ್ಪ ದನಿಯನ್ನು ನಕಲು ಮಾಡುವುದು ಅನಲಾಗ್ ಮಾಡೆಲಿಂಗ್. ವಾದ್ಯದ ತಂತಿ, ಕೊಳವೆ, ಉಸಿರು ಎಲ್ಲವನ್ನೂ ಲೆಕ್ಕ ಹಾಕಿ ಇಲ್ಲದ ವಾದ್ಯವನ್ನು ಇದ್ದಂತೆ ಮಾಡುವುದು ಫಿಸಿಕಲ್ ಮಾಡೆಲಿಂಗ್. ಹೊಸ ಯಂತ್ರದಲ್ಲಿ ಯಾವ ಎಂಜಿನ್ ಇದ್ದರೆ ಚೆನ್ನ ಎಂದು ಇಂಟರ್ನೆಟ್ಟಿನ ಗುಂಪೊಂದರಲ್ಲಿ ಯಾರೋ ಕೇಳಿದ್ದರು. ಎಲ್ಲೆಲ್ಲಿಯದೋ ಸಂಗೀತಗಾರರು ಎದೆ ತಟ್ಟಿ ಉತ್ತರ ಕೊಟ್ಟರು. ನಾನು ಬರೆದೆ, ಅಳಿಸಿದೆ, ಮತ್ತೆ ಬರೆದೆ, ಮತ್ತೆ ಅಳಿಸಿದೆ.

ನನ್ನ ಕಷ್ಟ ಅವರಿಗೇನು ಗೊತ್ತು? ಚಿಂಚೋಳಿ ಕಡೆ ಮದುವೆಗೆ ಹೋದರೆ ತೆಲುಗು ಹಾಡು ಬೇಕು, ಕುಣಿಯುವವರ ಎದೆಗೆ ಗುದ್ದುವ ಅನಲಾಗ್ ಬಾಸ್ ಬೇಕು. ವಾಡಿಯಲ್ಲಿ ಹಳೆಯ ಹಿಂದಿ ಹಾಡು, ಅದಕ್ಕೆ ಎಫ್‌ಎಂ ಪಿಯಾನೊ ಇಲ್ಲದಿದ್ದರೆ ಸಪ್ಪೆ. ಚಿತ್ತಾಪುರದಲ್ಲಿ ಖವ್ವಾಲಿ ಕೇಳುತ್ತಾರೆ, ಆಗ ಸ್ಯಾಂಪಲ್ ಮಾಡಿದ ಸಾರಂಗಿಯೇ ಗತಿ. ಹಳೆಯ ಕೀಬೋರ್ಡು ಕೆಟ್ಟಾಗ ಇವುಗಳಲ್ಲಿ ಒಂದನ್ನು ಆರಿಸಲಾಗದೆ ಎಲ್ಲ ಎಂಜಿನುಗಳೂ ಇರುವ ಯಂತ್ರವನ್ನೇ ತಂದೆ. ಇನ್ನು ನೆಮ್ಮದಿ ಎಂದುಕೊಂಡಿದ್ದೆ. ಆದರೆ ಅಂಗಡಿಯಲ್ಲಿ ಒಮ್ಮೆ ಮಾಡಬೇಕಾಗಿದ್ದ ಆಯ್ಕೆಯನ್ನು ಈಗ ಪ್ರತಿ ಹಾಡಿಗೂ ಮಾಡಬೇಕಾಯಿತು.

ಅದೂ ಹೋಗಲಿ ಎಂದರೆ ಶರಣಪ್ಪ ಮಾಸ್ತರರಿದ್ದಾರೆ. ನಮ್ಮ ತಂಡ ಕಟ್ಟಿದವರು ಅವರು, ವಚನ ಹಾಡುವವರೂ ಅವರೇ. ಅವರಿಗೆ ಬೇಕಾದದ್ದು ಒಂದೇ: ಪೇಟಿ. ಹಾರ್ಮೋನಿಯಮ್ಮಿಗೆ ನಮ್ಮ ಕಡೆ ಹಾಗೆಂದೇ ಹೆಸರು. ಹೊಸ ಯಂತ್ರದಲ್ಲಿ ನಾನು ನುಡಿಸಿದ ಪೇಟಿಯನ್ನು ಅವರು ಕಣ್ಣು ಮುಚ್ಚಿ ಕೇಳಿ, ಕಣ್ಣು ಬಿಟ್ಟು, ಬಹಳ ಸಮಾಧಾನದಿಂದ ಹೇಳಿದರು.

"ತಮ್ಮಾ ಸಿದ್ರಾಮ, ನಿನ್ನ ಮಷೀನು ನನ್ನ ದನಿ ಮ್ಯಾಲ ಬಂದು ಕುಂದ್ರತದ. ಪೇಟಿ ಅಂದ್ರ ದನಿ ಹಿಂದ ಹಿಂದ ಬರಬೇಕು. ಸೇಡಂ ಕಾರ್ಯಕ್ರಮ ಒಂದು ನೋಡ್ತೀನಿ. ಆಗಲಿಲ್ಲಂದ್ರ ಕಾಳಗಿ ಪೇಟಿ ಮಾಸ್ತರಿಗೆ ಬಾ ಅಂತೀನಿ. ನೀ ಬ್ಯಾಸರ ಮಾಡ್ಕೋಬ್ಯಾಡ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೇಸರ ಮಾಡಿಕೊಳ್ಳಬೇಡ ಎಂದಿದ್ದನ್ನು ತಡೆದುಕೊಳ್ಳುವುದು ಹೇಗೆ? ಆ ತಂಡ ಬಿಟ್ಟರೆ ನನಗೆ ಬೇರೆ ಬದುಕಿಲ್ಲ; ಕಲ್ಲು ಮಾರುವವನನ್ನು ಯಾರೂ ಚಪ್ಪಾಳೆ ತಟ್ಟಿ ಕಳುಹಿಸುವುದಿಲ್ಲ.

ಅಂದಿನಿಂದ ನಾನು ಪೇಟಿಯ ಬೆನ್ನು ಹತ್ತಿದೆ. ಸ್ಯಾಂಪಲ್ ಮಾಡಿದ ಪೇಟಿ ಪ್ರತಿ ಸ್ವರವನ್ನೂ ಬಾಯಿಪಾಠದಂತೆ ಒಪ್ಪಿಸುತ್ತಿತ್ತು. ಮಾಡೆಲಿಂಗ್‌ನಲ್ಲಿ ಉಸಿರು ಬಂತು, ಆದರೆ ದಮ್ಮಿನ ರೋಗಿಯ ಉಸಿರು. ಯಾವುದನ್ನು ಬಿಡುವುದೆಂದು ತಿಳಿಯದೆ ಎರಡನ್ನೂ ಕೂಡಿಸಿದೆ. ಪೇಟಿಗೆ ಗಾಳಿ ಊದುವ ತಿದಿ ಕಿರುಗುಟ್ಟುವ ಸದ್ದನ್ನೂ ಬೇರೆಯಾಗಿ ಹಿಡಿದು ಸೇರಿಸಿದೆ. ಯಂತ್ರದ ನೆನಪಿನಲ್ಲಿ ಜಾಗ ತುಂಬುವವರೆಗೆ ಪೇಟಿಯನ್ನೇ ತುಂಬಿದೆ. ಊಟಕ್ಕೆ ಕರೆದು ಕರೆದು ಸಾಕಾದ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಅಲ್ರಿ, ಪೇಟಿ ಆವಾಜ್ ಬೇಕಂದ್ರ ಪೇಟಿನೇ ತರಬಾರ್ದೇನ್ರಿ?"

"ನಿನಗ ತಿಳಿಯಂಗಿಲ್ಲ, ಇದು ಟೆಕ್ನಿಕಲ್ ಅದ," ಎಂದೆ. ಉತ್ತರ ಗೊತ್ತಿಲ್ಲದ ಪ್ರಶ್ನೆಗಳಿಗೆಲ್ಲ ನಾನು ಇದನ್ನೇ ಹೇಳುತ್ತೇನೆ.

ಸೇಡಂನಲ್ಲಿ ತೊಗರಿ ವ್ಯಾಪಾರಿಯೊಬ್ಬರ ಹೊಸ ಮನೆಯ ಪ್ರವೇಶ. ಅಂಗಳದಲ್ಲಿ ಶಾಮಿಯಾನ, ಮುಂದಿನ ಸಾಲಿನಲ್ಲಿ ಹಿರಿಯರು. ಮಾಸ್ತರರ ಬಲಗಡೆ ತಬಲಾ ಹಿಡಿದು ವಾಡಿಯ ಮಹಬೂಬ್ ಭಾಯಿ, ಅವರ ಮೊಣಕಾಲ ಹತ್ತಿರ ಸೆಲ್ಲಿನಿಂದ ನಡೆಯುವ ಪುಟ್ಟ ಶ್ರುತಿ ಪೆಟ್ಟಿಗೆ, ಎಡಗಡೆ ನಾನು. ಮೊದಲ ವಚನಕ್ಕೆ ನನ್ನ ಪೇಟಿ ಮೈದುಂಬಿ ನುಡಿಯಿತು. ಮಾಸ್ತರರ ಎಡ ಹುಬ್ಬು ಮೇಲೇರಿತು. ಎರಡನೆಯದಕ್ಕೆ ಬಲ ಹುಬ್ಬೂ ಏರಿತು. ಕಾಳಗಿಯ ಬಸ್ಸಿನಿಂದ ಪೇಟಿ ಹಿಡಿದುಕೊಂಡು ಇಳಿಯುವ ಆ ಮನುಷ್ಯ ನನ್ನ ಕಣ್ಣಮುಂದೆ ಬಂದ.

ಅಷ್ಟರಲ್ಲಿ ಕರೆಂಟು ಹೋಯಿತು. ಜನರೇಟರ್ ಗುಡುಗಿತು, ದೀಪಗಳು ಬಂದವು, ಮೈಕೂ ಬಂತು. ನನ್ನ ಯಂತ್ರ ಮಾತ್ರ ಪರದೆಯ ಮೇಲೆ ಒಂದು ಗೆರೆ ಎಳೆದು, ಲೋಡ್ ಆಗುತ್ತಿದೆ, ಕಾಯಿರಿ ಎಂದಿತು. ನಾನು ತುಂಬಿಟ್ಟ ಪೇಟಿಯನ್ನೆಲ್ಲ ಅದು ಒಂದೊಂದಾಗಿ ಎತ್ತಿಕೊಳ್ಳಬೇಕಲ್ಲ! ಗೆರೆ ತೆವಳುತ್ತಿತ್ತು. ಮಾಸ್ತರರು ಕಣ್ಣು ಮುಚ್ಚಿ, ಸೆಲ್ಲಿನ ಪೆಟ್ಟಿಗೆಯ ಶ್ರುತಿ ಹಿಡಿದು ಹಾಡು ಎತ್ತಿಯೇ ಬಿಟ್ಟರು.

ಕೈ ಎತ್ತಿ ನಿಲ್ಲಿಸಿ ಎನ್ನಲೇ? ಅಷ್ಟು ಜನರ ಮುಂದೆ? ಕೊನೆಗೆ ನಾನು ಸತ್ತ ಕೀಗಳ ಮೇಲೆ ಬೆರಳಿಟ್ಟು ನುಡಿಸತೊಡಗಿದೆ. ನಡುನಡುವೆ ಕಣ್ಣು ಮುಚ್ಚಿದೆ, ಕೊರಳು ಕೊಂಕಿಸಿದೆ. ಅರ್ಧ ಹಾಡಿಗೆ ಗೆರೆ ತುಂಬಿ ಯಂತ್ರ ಎಚ್ಚರವಾಯಿತು. ಈಗ ಹಠಾತ್ತನೆ ದನಿ ಬಂದರೆ ಇಷ್ಟು ಹೊತ್ತು ಇರಲಿಲ್ಲವೆಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ! ಹೆದರಿ ವಾಲ್ಯೂಮನ್ನು ಸೊನ್ನೆಗೆ ತಿರುಗಿಸಿದೆ. ಹಾಡು ಮುಗಿಯುವವರೆಗೆ ಅಲ್ಲಿಂದ ಕದಲಿಸಲಿಲ್ಲ.

ಚಪ್ಪಾಳೆ ನಿಂತ ಮೇಲೆ ಮಾಸ್ತರರು ನನ್ನ ಕಡೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಹಿಂಗ ನೋಡಪಾ ಪೇಟಿ ಅಂದ್ರ! ಎಲ್ಲೂ ದನಿ ಮ್ಯಾಲ ಬೀಳಲಿಲ್ಲ. ಇನ್ನ ಕಾಳಗಿ ಮಾಸ್ತರ ಯಾಕ ಬೇಕು?"

ಮುಂದಿನ ಸಾಲಿನ ಹಿರಿಯರೊಬ್ಬರು, "ಖರೇರಿ, ಭಾಳ ಛಲೋ ನುಡಿಸ್ಯಾರ," ಎಂದು ತಲೆಯಾಡಿಸಿದರು. ಮಹಬೂಬ್ ಭಾಯಿ ತಬಲಾದ ಅಂಚಿಗೆ ಸುತ್ತಿಗೆ ತಟ್ಟುತ್ತ, ಮುಖ ಎತ್ತದೆ, "ಸಿದ್ರಾಮಣ್ಣ, ಈ ಆವಾಜ್ ಸೇವ್ ಮಾಡಿ ಇಟ್ಕೋರಿ," ಎಂದರು.

ತಂಡದಲ್ಲಿ ನನ್ನ ಜಾಗ ಉಳಿಯಿತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ನಿಜ ಹೇಳಬೇಕೆಂದು ಬಾಯಿ ತೆರೆದಿದ್ದೆ ಕೂಡ. ಮಾಸ್ತರರ ಒದ್ದೆ ಕಣ್ಣು ನೋಡಿ ಮುಚ್ಚಿಕೊಂಡೆ. ಮರುದಿನ ಅವರ ಫೋನು ಬಂತು. ಬರುವ ಸೋಮವಾರ ಚಿತ್ತಾಪುರದಲ್ಲಿ ಕಾರ್ಯಕ್ರಮವಿದೆಯಂತೆ.

"ಅದೇ ಪೇಟಿ ಇರಲಿ ತಮ್ಮಾ, ಬ್ಯಾರೆ ಯಾವುದೂ ಬ್ಯಾಡ," ಎಂದರು. "ಆದ್ರ ಸೇಡಂದಾಗ ಹಿಂದ ಕುಂತವರಿಗೆ ಕೇಳಿಸ್ಲಿಲ್ಲಂತ. ಈ ಸಲ ಒಂದೀಟು ಜೋರ್ ಇಡು."