ಟಿಕಳಿ ಹಚ್ಚಿಕೊಂಡ ಕಂಪ್ಯೂಟರ್

ನನ್ನ ಸೋದರಮಾವನ ಕಂಪ್ಯೂಟರಿಗೆ ಮುತ್ತೈದೆಯ ಕಳೆಯಿದೆ ಎಂದರೆ ತಾವು ನಂಬಲಾರಿರಿ. ಆದರೆ ಅದರ ಪರದೆಯ ಮೇಲೆ ಹೆಂಗಸರು ಹಣೆಗೆ ಹಚ್ಚಿಕೊಳ್ಳುವ ಏಳು ಟಿಕಳಿಗಳಿರುವುದು ಸತ್ಯ. ಕೆಂಪು ನಾಲ್ಕು, ಹಸಿರು ಎರಡು, ಹರಳಿನದೊಂದು!

ಮಾವ ಬಳ್ಳಾರಿಯ ಪ್ರೆಸ್ಸೊಂದರಲ್ಲಿ ಪೇಜ್‌ಮೇಕರ್ ಎಂಬ ಹಳೆಯ ತಂತ್ರಾಂಶದಿಂದ ಲಗ್ನಪತ್ರಿಕೆ ವಿನ್ಯಾಸ ಮಾಡುವವರು. ನನ್ನ ಉದ್ಯೋಗವಾದರೋ ಅಂಥವರನ್ನು ಇನ್‌ಡಿಸೈನ್ ಎಂಬ ಹೊಸದಕ್ಕೆ ದಾಟಿಸುವುದು. ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಆ ವರ್ಷ ಮಾವ ನನಗೆ ನೂರು ವಿಸಿಟಿಂಗ್ ಕಾರ್ಡು ಮಾಡಿಕೊಟ್ಟರು. ನನ್ನ ಹೆಸರು ಇರುವೆಯಷ್ಟು, ಇಂಗ್ಲಿಷಿನ ‘ಬಿ.ಎ.’ ಆನೆಯಷ್ಟು!

ಆ ಪದವಿಯ ಫಲವಾಗಿ ಸಿರುಗುಪ್ಪಕ್ಕೂ ಕುರುಗೋಡಿಗೂ ಬಸ್ಸಿನಲ್ಲಿ ಓಡಾಡುತ್ತೇನೆ. ಎಲ್ಲಿ ಹೋದರೂ ಒಂದೇ ಪ್ರಶ್ನೆ: “ಮೇಡಮ್, ಅದು ಇಲ್ಲೇ ಇತ್ತಲ್ರಿ, ಎಲ್ಲಿ ಹೋತು?” ಹೊಸ ಮನೆಗೆ ಬಂದವರು ಹಳೆಯ ಮನೆಯ ಸ್ವಿಚ್ಚಿದ್ದ ಜಾಗದಲ್ಲಿ ಗೋಡೆ ತಡವುವುದನ್ನು ದಿನವಿಡೀ ನೋಡುವ ಆಯಾಸವನ್ನು ಯಾರಿಗೆ ಹೇಳಲಿ? ತೆಕ್ಕಲಕೋಟೆಯವರೊಬ್ಬರು ಮೂರು ದಿನ ಕಲಿತು, ನಾಲ್ಕನೆಯ ದಿನ ನನಗೇ ಪೇಜ್‌ಮೇಕರ್ ಕಲಿಸತೊಡಗಿದರು!

ಕೊನೆಗೆ ಮಾವನ ಸರದಿಯೂ ಬಂತು. ಸೋಮವಾರದೊಳಗೆ ಹೊಸದರಲ್ಲಿ ಒಂದು ಲಗ್ನಪತ್ರಿಕೆ ಮಾಡಿ ತೋರಿಸದಿದ್ದರೆ ಮಾವ ಕಾಗದ ಕತ್ತರಿಸುವ ಯಂತ್ರಕ್ಕೆ ವರ್ಗ ಎಂದು ಮಾಲೀಕರು ಹೇಳಿದ್ದರು.

ಗುರುವಾರ ಹೋದೆ. ಮಾಲೀಕರು ತರಿಸಿಟ್ಟ ಹೊಸ ಕಂಪ್ಯೂಟರಿನ ಪರದೆಗೆ ಮಾವ ಟವೆಲ್ ಹೊದಿಸಿ ಕುಳಿತಿದ್ದರು.

“ಯಾಕ್ ಮಾವಾ?”

“ಬಳ್ಳಾರಿ ಧೂಳು ಯವ್ವಾ, ಹೊಸಾದು ಕೆಡ್ತೈತಿ.”

ಶುಕ್ರವಾರ ಕಣ್ಣು ಮಂಜಾಗಿದೆ ಎಂದರು. ಅದೇ ಕಣ್ಣಿನಿಂದ, ಎದುರಿನ ಅಂಗಡಿಯ ಬೋರ್ಡಿನ ಅಕ್ಷರಸಾಲು ಕೂದಲೆಳೆಯಷ್ಟು ವಾಲಿರುವುದನ್ನು ಕುಳಿತಲ್ಲಿಂದಲೇ ಪತ್ತೆ ಹಚ್ಚಿದರು!

ಶನಿವಾರ ಅತ್ತೆ ಬುತ್ತಿ ತಂದರು. “ಮನ್ಯಾಗ ಒಂದ್ ಟಿಕಳಿ ಉಳಿಸಂಗಿಲ್ಲವ್ವ ಈ ಮನಷ್ಯಾ. ನನ್ ಹಣಿಗಿಂತ ಆ ಡಬ್ಬಿ ಹಣಿನ ಚೆಂದ ಇವ್ರಿಗೆ! ಹೊಸಾ ಹಾಳಿ ತಂದು ಸೆರಗಿಗೆ ಗಂಟ್ ಹಾಕ್ಕೊಂಡು ತಿರಗಾಕತ್ತೀನಿ.”

ನನ್ನ ತಾಳ್ಮೆ ತೀರಿತ್ತು. “ಮಾವಾ, ಆ ಟಿಕಳಿ ಕಿತ್ತು ಒಗೀರಿ. ಮ್ಯಾಲಿನ ಸಾಲು ಓದ್ಕೊಂತ ಹೋಗ್ರಿ, ಎಲ್ಲಾ ಬರದೈತಿ.”

ಮಾವ ಓದಲಿಲ್ಲ. ಬುತ್ತಿ ಬಿಚ್ಚುತ್ತಿದ್ದ ಅತ್ತೆಯ ಕೈ ನಿಂತಿತು.

ಮಾವ ಪಕ್ಕದಲ್ಲಿದ್ದ ಹಳೆಯ ಪರದೆಯ ಟಿಕಳಿಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು. “ಇಲ್ಲಿ ಒತ್ತಿದ್ರ ಸೇವ್ ಆಗ್ತೈತಿ. ಇಲ್ಲಿ ಪ್ರಿಂಟು. ಈ ಹರಳಿಂದು ಮುಟ್ಟಬಾರದು, ಎಲ್ಲಾ ಅಳಸ್ತೈತಿ. ಇಂಗ್ಲೀಷ್ ಓದಾಕ ಬರಂಗಿಲ್ಲವ್ವ ನಂಗ. ಓದಿದಾಕಿ ನೀನು, ನಿನ್ ಮುಂದ ಹೆಂಗ ಹೇಳ್ಲಿ?”

ಆನೆಯಷ್ಟು ದೊಡ್ಡದಾಗಿ ಕೂರಿಸಿದ್ದ ನನ್ನ ಪದವಿಯನ್ನು ಮಾವ ಓದಿಯೇ ಇರಲಿಲ್ಲ. ಆಕಾರ ನೋಡಿ ಹೊಂದಿಸಿದ್ದರು. ಒಂದು ಇಂಗ್ಲಿಷ್ ಪತ್ರ ಕಳಿಸುವ ಮುನ್ನ ನಾಲ್ಕು ಸಲ ಓದಿ, ಆಮೇಲೂ ಹೆದರುವ ನಾನು ಅವರೆದುರು ಮೇಡಮ್ಮಾಗಿ ನಿಂತಿದ್ದೆ.

ಅತ್ತೆ ಸೆರಗಿನ ಗಂಟು ಬಿಚ್ಚಿ ಟಿಕಳಿ ಹಾಳೆ ನನ್ನ ಕೈಗಿತ್ತರು. ನಾನು ಟವೆಲ್ ಸರಿಸಿ, ಹೊಸ ಪರದೆಯ ಮೇಲೆ ಒಂದೊಂದನ್ನೇ ಅಂಟಿಸುತ್ತ, ಯಾವುದು ಯಾತಕ್ಕೆಂದು ಹೇಳುತ್ತ ಹೋದೆ. ಹಾಳೆಯಲ್ಲಿ ಆರೇ ಇದ್ದವು. ಸೇವ್ ಮಾಡುವ ಜಾಗ ಉಳಿದಿತ್ತು. ನನ್ನ ಹಣೆಯದನ್ನು ತೆಗೆದು ಅಲ್ಲಿಟ್ಟೆ.

ಮಾವ ಬಗ್ಗಿ, ಅದು ಬೀಳದಂತೆ ಹೆಬ್ಬೆರಳಿನಿಂದ ಒತ್ತಿದರು. ಆಮೇಲೆ ಟವೆಲನ್ನು ಹೆಗಲಿಗೆ ಹಾಕಿಕೊಂಡು ಕುರ್ಚಿಯನ್ನು ಮುಂದಕ್ಕೆ ಎಳೆದರು.